ಸೀಟು ಮೇಸ್ತ್ರಿ ನುಂಗಿದ ಮೊಳೆ

ಈ ಊರಿನಲ್ಲಿ ನೀವು ಎಲ್ಲೇ ಕೂತಿರಿ, ಕೂತದ್ದು ಹಿತವಾಗಿದ್ದರೆ ಅದು ಸೀಟು ಮೇಸ್ತ್ರಿಯ ಕೈಕೆಲಸ. ಚುಚ್ಚುತ್ತಿದ್ದರೆ ಬೇರೆ ಯಾರದೋ. ಬಸ್ಸಿನ ಸೀಟುಗಳು, ಸಿನಿಮಾ ಮಂದಿರದ ಹಿಂದಿನ ಆರು ಸಾಲು, ನ್ಯಾಯಾಧೀಶರ ಎತ್ತರದ ಕುರ್ಚಿ, ಕ್ಷೌರದಂಗಡಿಯ ತಿರುಗುಕುರ್ಚಿ, ಹಲ್ಲಿನ ಡಾಕ್ಟರ ಒರಗುಕುರ್ಚಿ. ಮೂವತ್ತೊಂದು ವರ್ಷಗಳಿಂದ ಇಡೀ ಊರಿನ ಕುಂಡೆಯ ಯೋಗಕ್ಷೇಮ ಅವರ ಹೊಣೆ. ಕುಂಡೆ ಅಂದೆ ಎಂದು ಮೂಗು ಮುರಿಯಬೇಡಿ. ಈ ಬರಹ ಅದರ ಬಗ್ಗೆಯೇ. ಆ ಜಾಗದ ಹೆಸರೆತ್ತಬಾರದು, ಆ ಕಡೆ ಕಣ್ಣು ಹಾಯಿಸಬಾರದು ಎಂದು ಮರ್ಯಾದಸ್ಥರೆಲ್ಲ ಸೇರಿ ಪಾಲಿಸಿದ ನಾಜೂಕಿನಿಂದಲೇ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಸಾವಿನ ಹೊಸ್ತಿಲು ಮುಟ್ಟಿ ಬಂದದ್ದು. ಮುಜುಗರವಾಗುವವರು ಪುಟ ತಿರುಗಿಸಿ. ಅಲ್ಲಿ ಹವಾಮಾನ ವರದಿ ಇದೆ.

ಬಸ್ ಡಿಪೋದ ಹಿಂಭಾಗದ ಒಂದು ಕೋಣೆಯೇ ಮೇಸ್ತ್ರಿಯ ಅಂಗಡಿ. ಒಂದು ಗೋಡೆಗೆ ರೆಕ್ಸಿನ್ ಸುರುಳಿಗಳು, ಇನ್ನೊಂದಕ್ಕೆ ಫೋಮ್ ಹಾಳೆಗಳು, ನಡುವೆ ಚರ್ಮ ಸುಲಿಸಿಕೊಂಡು ನಿಂತ ಕುರ್ಚಿಗಳು. ಅಂಟಿನ ವಾಸನೆಗೆ ಹೊಸಬರಿಗೆ ತಲೆ ಸುತ್ತುತ್ತದೆ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಹೊಲಿಗೆಯಕ್ಕ ಮೆಷಿನ್ ತುಳಿಯುತ್ತಾರೆ. ಕವರುಗಳನ್ನು ಹೊಲಿದುಕೊಡುವುದು ಅವರ ಕೆಲಸ, ಅದನ್ನು ಎಳೆದು ಮೊಳೆ ಹೊಡೆದು ಕೂರಿಸುವುದು ಮೇಸ್ತ್ರಿಯದು.

ಈ ಮೊಳೆ ಹೊಡೆಯುವುದನ್ನು ನೋಡಬೇಕು. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಸಡಿಲಿಸಿದರೆ ಸುಕ್ಕು. ಇನ್ನೊಂದು ಕೈಯಲ್ಲಿ ಸುತ್ತಿಗೆ. ಹಾಗಾದರೆ ಮೊಳೆ ಹಿಡಿಯುವುದು ಯಾರು? ಬಾಯಿ. ಅರ್ಧ ಇಂಚಿನ ಮೊಳೆಗಳನ್ನು ಒಂದು ಹಿಡಿ ಬಾಯಿಗೆ ಸುರಿದುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತಿರುಗಿಸಿ, ತಲೆ ಮುಂದಾಗಿ ತುಟಿಯ ನಡುವೆ ತರುವುದು. ಸುತ್ತಿಗೆಯ ಒಂದು ಮುಖ ಅಯಸ್ಕಾಂತ. ಅದನ್ನು ತುಟಿಯ ಹತ್ತಿರ ತಂದರೆ ಸಾಕು, ಮೊಳೆ ತಾನಾಗಿ ಹಾರಿ ಅಂಟಿಕೊಳ್ಳುತ್ತದೆ. ಟಕ್ ಅಂತ ನೆಡುವುದು, ಸುತ್ತಿಗೆ ತಿರುಗಿಸಿ ಟಣ್ ಅಂತ ಹೊಡೆಯುವುದು. ನಿಮಿಷಕ್ಕೆ ಇಪ್ಪತ್ತೈದು. ಈಗ ಎಲ್ಲರೂ ಪಿನ್ ಹೊಡೆಯುವ ಗನ್ನು ಹಿಡಿದಿದ್ದಾರೆ. ಮೇಸ್ತ್ರಿಗೆ ಅದನ್ನು ಕಂಡರಾಗದು. “ಗನ್ನು ಹಿಡಿಯೋಕೆ ನಾನೇನು ಪೊಲೀಸಾ?” ಅನ್ನುತ್ತಾರೆ.

ಅವರ ಹೆಂಡತಿಗೆ ಮಾತ್ರ ಈ ವಿದ್ಯೆ ಕಂಡರೆ ಮೈಯೆಲ್ಲ ಉರಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು, ಬರೆಯಲು ಬಾರದವರ ಅರ್ಜಿಗಳನ್ನು ತುಂಬಿಕೊಡುವ ಹೆಂಗಸು ಆಕೆ. ಎದುರಿನವರು ಬಾಯಿ ತೆರೆಯುವ ಮೊದಲೇ ಉತ್ತರ ಬರೆದು ಮುಗಿಸಿರುತ್ತಾರೆ. ಗಂಡನ ಮುಂದಿನ ಹಲ್ಲಿನಲ್ಲಿ ಮೊಳೆಯ ಸವೆತದಿಂದ ಒಂದು ಗೀರು ಬಿದ್ದದ್ದು, ಅದೇ ಕಸುಬಿನ ಇನ್ನೊಬ್ಬರು ವರ್ಷವಿಡೀ ಕೆಮ್ಮಿ ಕೊನೆಗೆ ಶ್ವಾಸಕೋಶದಿಂದ ಮೊಳೆ ತೆಗೆಸಿಕೊಂಡದ್ದು, ಎರಡನ್ನೂ ಸೇರಿಸಿ ಎರಡು ವರ್ಷದ ಹಿಂದೆ ಆಕೆ ತೀರ್ಪು ಕೊಟ್ಟರು: ಇನ್ನು ಮೇಲೆ ಬಾಯಿಗೆ ಮೊಳೆ ಹಾಕಿದರೆ ನಾನು ನಿಮ್ಮ ಜೊತೆ ಮಾತಾಡುವುದಿಲ್ಲ. ಮೇಸ್ತ್ರಿ ಮಾತು ಕೊಟ್ಟರು. ಮೊಳೆ ಇಡಲು ಒಂದು ಸ್ಟೀಲಿನ ಬಟ್ಟಲನ್ನೂ ತಂದರು. ಹೆಂಡತಿ ಅಂಗಡಿಗೆ ಬಂದಾಗಲೆಲ್ಲ ಬಟ್ಟಲು ಮುಂದೆ ಬರುತ್ತಿತ್ತು, ಹೋದ ಮೇಲೆ ಹಿಂದೆ ಸರಿಯುತ್ತಿತ್ತು. ಹೊಲಿಗೆಯಕ್ಕ ಗೋಡೆ ನೋಡಿಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ಮೇಸ್ತ್ರಿ ಬಸ್ಸಿನ ಸೀಟಿಗೆ ಕವರು ಎಳೆಯುತ್ತಿದ್ದಾಗ ಫೋನು ಬಂತು. ಹೊಲಿಗೆಯಕ್ಕ ಗುಂಡಿ ಒತ್ತಿ ಮೇಸ್ತ್ರಿಯ ಕಿವಿಗೆ ಹಿಡಿದರು.

“ರೀ, ಸಂಜೆ ತರಕಾರಿ ತರ್ತೀರಾ?”

“ಹೂಂ.”

“ಏನು ಹೂಂ? ದನಿ ಯಾಕೆ ಹಂಗಿದೆ? ಬಾಯಲ್ಲಿ ಮೊಳೆ ಇಟ್ಕೊಂಡಿದ್ದೀರಾ?”

ಬಾಯಿ ತುಂಬ ಮೊಳೆ ಇಟ್ಟುಕೊಂಡು ಹೂಂ ಅನ್ನಬಹುದು. ಇಲ್ಲ ಅನ್ನಬೇಕಾದರೆ ನಾಲಿಗೆ ಮೇಲೆದ್ದು ಇಳಿಯಬೇಕು. ಮೇಸ್ತ್ರಿ “ಇಲ್ಲ” ಅಂದರು. ನಾಲಿಗೆ ಎದ್ದಿತು, ಇಳಿಯಿತು, ಅದರ ಜೊತೆಗೆ ಒಂದು ಮೊಳೆಯೂ ಇಳಿಯಿತು.

ಇಳಿದದ್ದು ತಾನಾಗಿ ಹೊರಬರುತ್ತದೆ ಎಂದು ನಾಲ್ಕು ದಿನ ಕಾದರು. ಕಾಣಲಿಲ್ಲ. ಐದನೆಯ ದಿನ, ಬಂದು ಹೋಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡು ಮರೆತರು.

ಮೂರು ವಾರದ ಮೇಲೆ ನೋವು ಶುರುವಾಯಿತು. ಮೊದಲು ಸುಮ್ಮನೆ ಒಂದು ಮಿಡಿತ, ಯಾರೋ ಒಳಗೆ ಕೂತು ಬೆರಳಿನಿಂದ ತಟ್ಟಿದ ಹಾಗೆ. ಆಮೇಲೆ ತಟ್ಟುವವನಿಗೂ ಸುತ್ತಿಗೆ ಸಿಕ್ಕಿತು. ಕೂತರೆ ಪ್ರಾಣ ಹೋಗುತ್ತಿತ್ತು. ಬಸ್ಸಿನಲ್ಲಿ ನಿಂತೇ ಬಂದರು, ಊಟ ನಿಂತೇ ಮಾಡಿದರು. ಯಾರಾದರೂ ಕೇಳಿದರೆ ಬೆನ್ನುನೋವು ಅನ್ನುತ್ತಿದ್ದರು. ಕಂಡಕ್ಟರ್ ಬಿಡಬೇಕಲ್ಲ.

“ಮೇಸ್ತ್ರೀ, ಬಸ್ಸೆಲ್ಲ ಖಾಲಿ ಇದೆ. ನೀವೇ ಮಾಡಿದ ಸೀಟು, ನೀವೇ ಕೂರಲ್ಲ ಅಂದ್ರೆ ಏನರ್ಥ? ಒಳಗೆ ಏನಾದ್ರೂ ಬಿಟ್ಟಿದ್ದೀರಾ ಹೆಂಗೆ?”

ಈ ಮಾತು ಕೇಳಿದ ಇಬ್ಬರು ಪ್ರಯಾಣಿಕರು ಎದ್ದು ನಿಂತು ತಮ್ಮ ಸೀಟನ್ನು ಒತ್ತಿ ಒತ್ತಿ ನೋಡಿದರು. ಒಬ್ಬ ಕೊನೆಯ ಸ್ಟಾಪಿನವರೆಗೂ ಮತ್ತೆ ಕೂರಲಿಲ್ಲ.

ಇನ್ನು ಡಾಕ್ಟರ ವಿಷಯ. ಮೂಲೆಮನೆ ಡಾಕ್ಟರು ಇಪ್ಪತ್ತು ವರ್ಷದಿಂದ ಮೇಸ್ತ್ರಿಯ ಮನೆಗೆ ಬೇಕಾದವರು. ಅವರ ಕುರ್ಚಿಗೆ ಕವರು ಹಾಕಿದ್ದು ಮೇಸ್ತ್ರಿಯೇ.

“ಎಲ್ಲಿ ನೋವು?”

ಮೇಸ್ತ್ರಿ ನೆಲ ನೋಡಿದರು. “ಕೆಳಗೆ.”

“ಪೈಲ್ಸು, ಡಾಕ್ಟ್ರೇ,” ಅಂದರು ಹೆಂಡತಿ. “ಇವರಪ್ಪಂಗೂ ಇತ್ತು.”

ಡಾಕ್ಟರಿಗೆ ಅಷ್ಟು ಸಾಕಾಯಿತು. ನಾಡಿ ಹಿಡಿದರು. ನಾಲಿಗೆ ಚಾಚಿಸಿದರು. ರೆಪ್ಪೆ ಕೆಳಗೆಳೆದು ಕಣ್ಣು ನೋಡಿದರು. ಎದೆಗೆ ಕೊಳವೆ ಇಟ್ಟು ಕೇಳಿದರು, ಹೊಟ್ಟೆ ಒತ್ತಿದರು. ಸೊಂಟದ ಬೆಲ್ಟಿನ ಹತ್ತಿರ ಬಂದವರೇ, ಮುಂದೆ ಬೇರೆ ದೇಶ, ಪಾಸ್‌ಪೋರ್ಟ್ ಬೇಕು ಅನ್ನುವವರ ಹಾಗೆ ನಿಂತುಬಿಟ್ಟರು. ಮುಲಾಮು ಬರೆದರು, ಭೇದಿಗೆ ಪುಡಿ ಬರೆದರು. ಎರಡನೆಯ ಸಲ ಹೋದಾಗ ಬೇರೆ ಮುಲಾಮು. ಮೂರನೆಯ ಸಲ ಹೋದಾಗ ಚಳಿಜ್ವರ ಇತ್ತು. “ಅದು ಬೇರೆ, ಇದು ಬೇರೆ,” ಅಂದು ಜ್ವರಕ್ಕೆ ಪ್ರತ್ಯೇಕ ಮಾತ್ರೆ ಕೊಟ್ಟರು. ಒಂದೇ ಮೈಯಲ್ಲಿ ಒಂದೇ ವಾರದಲ್ಲಿ ನೋವೂ ಜ್ವರವೂ ಬಂದರೆ ಅವು ಪರಸ್ಪರ ಗುರುತಿಲ್ಲದ ಬಾಡಿಗೆದಾರರೇ?

ಮೂರು ಭೇಟಿ. ಒಂದು ಸಲವೂ ಪ್ಯಾಂಟು ಇಳಿಸಿ ಅನ್ನಲಿಲ್ಲ. ಅಂದಿದ್ದರೆ ಎರಡು ನಿಮಿಷದ ಕೆಲಸ. ಮೇಸ್ತ್ರಿ ಮಾಡಿದ ಸೀಟಿನ ಮೇಲೆ ಸುಖವಾಗಿ ಕೂತು, ಮೇಸ್ತ್ರಿಯ ಸೀಟನ್ನು ಮಾತ್ರ ನೋಡದೆ ಕಳಿಸಿದ ಆ ವೈದ್ಯರನ್ನು ನಾನು ಹೊಗಳಲಾರೆ. ತೋರಿಸಲು ನಾಚುವುದು ರೋಗಿಯ ಹಕ್ಕು. ನೋಡಲು ನಾಚುವ ಹಕ್ಕನ್ನು ಡಾಕ್ಟರಿಗೆ ಕೊಟ್ಟವರು ಯಾರು?

ನೋವು ಶುರುವಾದ ನಾಲ್ಕನೆಯ ವಾರ ಬಲಗಡೆ ನಿಂಬೆಹಣ್ಣಿನಷ್ಟು ಕೆಂಪು ಗಂಟು ಎದ್ದಿತು. ಮೇಸ್ತ್ರಿಯನ್ನು ದೊಡ್ಡಾಸ್ಪತ್ರೆಗೆ ಆಟೋದಲ್ಲಿ ಮಂಡಿಯೂರಿಸಿ ಒಯ್ದರು. ಅಲ್ಲಿ ಅವಸರದ ಸರ್ಜನ್ ಒಬ್ಬರು ಕಂಡೊಡನೆ, “ಬಾವು ಕಣ್ರೀ, ಕೀವು ತುಂಬಿದೆ,” ಅಂದು ಅದನ್ನು ಕುಯ್ದರು, ಹಿಂಡಿದರು, ಹತ್ತಿ ತುರುಕಿದರು. “ಕೀವು ಹೋಯ್ತು, ಕಥೆ ಮುಗೀತು,” ಅಂದರು. ಇವರು ನೋಡಿದ್ದೇನೋ ನಿಜ. ಆದರೆ ಈ ಕೀವು ಎಲ್ಲಿಂದ ಬಂತು ಎಂದು ಯೋಚಿಸಲು ಅವರಿಗೆ ಬಿಡುವಿರಲಿಲ್ಲ. ಹೊರಗೆ ಇನ್ನೂ ಹದಿನೇಳು ಜನ ಕಾಯುತ್ತಿದ್ದರು.

ಕಥೆ ಮುಗಿದಿರಲಿಲ್ಲ. ಮೂರು ವಾರಕ್ಕೆ ಎಡಗಡೆ ಇನ್ನೊಂದು ಗಂಟು. ಈ ಸಲ ಮೈ ಗಡಗಡ ನಡುಗಿ ಮಂಚವೇ ಸದ್ದು ಮಾಡಿತು. ಮೇಸ್ತ್ರಿಯ ಪ್ಯಾಂಟು ಸೊಂಟದಲ್ಲಿ ನಿಲ್ಲದಷ್ಟು ಮೈ ಇಳಿದಿತ್ತು. ಅಷ್ಟರಲ್ಲಿ ಹೆಂಡತಿ ಕಚೇರಿಗೆ ರಜೆ ಹಾಕಿ ಒಂದು ತಿಂಗಳಾಗಿತ್ತು. ದಿನಕ್ಕೆ ಮೂರು ಸಲ ನೀರು ಕಾಯಿಸಿ ಟಬ್ಬಿಗೆ ಹೊಯ್ದು, ಬಿಸಿ ಮೊಣಕೈಯಿಂದ ಪರೀಕ್ಷಿಸಿ, “ಬನ್ನಿ, ಕೂತ್ಕೊಳ್ಳಿ,” ಅನ್ನುತ್ತಿದ್ದರು. ನೀರಿನಲ್ಲಿ ಕೂತ ಗಂಡನ ಬೆನ್ನನ್ನು ಸುಮ್ಮನೆ ನೀವುತ್ತಿದ್ದರು. ಆಕೆ ಎಷ್ಟು ನೋಡಿಕೊಂಡರೋ ಮೇಸ್ತ್ರಿಯ ಬಾಯಿ ಅಷ್ಟು ಬಿಗಿಯಾಗುತ್ತಿತ್ತು. ಮೊಳೆಯ ನೆನಪು ಅವರಿಗೆ ಬಂದಿರಲಿಲ್ಲ ಅಂತೇನಲ್ಲ. ಬಂದಾಗಲೆಲ್ಲ ಟಬ್ಬಿನ ನೀರು ತಣ್ಣಗಾಯಿತು ಅಂತ ಕೂಗಿ ಅದನ್ನು ಓಡಿಸುತ್ತಿದ್ದರು.

ಈ ಸಲ ಸಿಕ್ಕಿದ್ದು ಒಬ್ಬ ಸರ್ಜನ್ ಅಮ್ಮ. ಕುಳ್ಳಗಿನ ಹೆಂಗಸು, ಪರೀಕ್ಷೆಯ ಮೇಜಿನ ಪಕ್ಕ ಒಂದು ಮಣೆ ಇಟ್ಟುಕೊಂಡು ಅದರ ಮೇಲೆ ನಿಂತೇ ಕೆಲಸ ಮಾಡುವವರು. ಹೆಂಡತಿ ಪೈಲ್ಸಿನಿಂದ ಶುರುಮಾಡಿ ಮಾವನವರೆಗೆ ವಂಶಾವಳಿ ಹೇಳುತ್ತಿದ್ದರೆ, ಆಕೆ ಕೈಗವಸು ಹಾಕಿಕೊಳ್ಳುತ್ತ ಮೇಸ್ತ್ರಿಯ ಕಡೆ ತಿರುಗಿದರು.

“ಮಲಗಿ. ಎಡಗಡೆಗೆ. ಮಂಡಿ ಎದೆಗೆ ತನ್ನಿ. ನೋಡ್ಬೇಕು.”

ಎರಡೂವರೆ ತಿಂಗಳಲ್ಲಿ ‘ನೋಡ್ಬೇಕು’ ಎಂದು ಸ್ಪಷ್ಟವಾಗಿ ಅಂದವರು ಅವರೊಬ್ಬರೇ. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು. ಮರುಕ್ಷಣ ಬೆರಳು ಒಳಗೆ ಹೋದಾಗ ಬಂದ ನೀರಿಗೆ ಕಾರಣ ಬೇರೆ.

“ಇಲ್ಲಿ ಮುಟ್ಟಿದ್ರೆ?”

“ಅಯ್ಯೋ!”

“ಈ ಕಡೆ?”

“ಅಮ್ಮಾ!”

“ಹಿಂದೆ, ಬಾಲಮೂಳೆ ಕಡೆ?”

ಅದಕ್ಕೆ ಮೇಸ್ತ್ರಿ ಕೊಟ್ಟ ಉತ್ತರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ಮನೆಗೆ ಹೋದರಂತೆ.

ಸರ್ಜನ್ ಅಮ್ಮ ಕೈ ತೊಳೆದು ಕಾಗದದ ಮೇಲೆ ಒಂದು ಚಿತ್ರ ಬರೆದರು. “ಇದು ದಾರಿ. ಸುತ್ತ ಇದು ಬಿಗಿ ಹಿಡಿಯೋ ಸ್ನಾಯು. ಸಾಮಾನ್ಯವಾಗಿ ಬಾವು ಬಾಗಿಲ ಪಕ್ಕದಲ್ಲೇ ಆಗುತ್ತೆ, ಕುಯ್ದರೆ ಹೋಗುತ್ತೆ. ನಿಮ್ಮದು ಹಾಗಲ್ಲ. ಹಿಂದೆ, ಆಳದಲ್ಲಿ, ಬಾಲಮೂಳೆ ಮುಂದೆ ಕೀವಿನ ಗೂಡು ಇದೆ ಅನ್ಸುತ್ತೆ. ಅಲ್ಲಿಂದ ಕುದುರೆ ಲಾಳದ ಹಾಗೆ ಎರಡೂ ಕಡೆ ಹರಿದಿದೆ. ಅದಕ್ಕೇ ಮೊದಲು ಬಲಗಡೆ ಎದ್ದಿದ್ದು, ಈಗ ಎಡಗಡೆ.”

ಮೇಸ್ತ್ರಿ ಚಿತ್ರವನ್ನು ಕಸುಬುದಾರನ ಕಣ್ಣಿನಿಂದ ನೋಡಿದರು. “ಅಂದ್ರೆ ಒಳಗಿನ ಸ್ಪ್ರಿಂಗು ಕಿತ್ತಿದೆ, ಹೊರಗೆ ರೆಕ್ಸಿನ್ ಉಬ್ಬಿದೆ. ಉಬ್ಬಿದ ಕಡೆ ತೇಪೆ ಹಾಕಿದ್ರೆ ಇನ್ನೊಂದು ಕಡೆ ಉಬ್ಬುತ್ತೆ.”

“ಕರೆಕ್ಟ್. ಮೊದಲು ಕುಯ್ದವರಿಗಿಂತ ನಿಮಗೆ ಚೆನ್ನಾಗಿ ಗೊತ್ತಾಯ್ತು. ಈಗ ಹೇಳಿ, ಸ್ಪ್ರಿಂಗು ಯಾಕೆ ಕಿತ್ತು? ನಿಮಗೆ ಸಕ್ಕರೆ ಕಾಯಿಲೆ ಇಲ್ಲ. ಕ್ಷಯ ಇಲ್ಲ. ಕರುಳಿನ ಕಾಯಿಲೆ ಲಕ್ಷಣ ಇಲ್ಲ. ಮೂಳೆ ಚೂರು, ಮೀನಿನ ಮುಳ್ಳು, ಹಲ್ಲುಕಡ್ಡಿ, ಹಾಗೇನಾದ್ರೂ ನುಂಗಿದ್ರಾ?”

“ಇಲ್ಲ ಡಾಕ್ಟ್ರೇ,” ಅಂದರು ಹೆಂಡತಿ. “ತುಂಬಾ ನಿಧಾನ ತಿಂತಾರೆ. ಒಂದು ತುತ್ತಿಗೆ ಒಂದು ವರ್ಷ.”

“ನಾನು ಅವರನ್ನ ಕೇಳಿದ್ದು.”

ಆ ಕ್ಷಣ ಮೇಸ್ತ್ರಿಗೆ ಎಲ್ಲವೂ ನಿಚ್ಚಳವಾಯಿತು. ಒಳಗಿನಿಂದ ಹೊಡೆಯುತ್ತಿದ್ದುದು ಯಾವ ಸುತ್ತಿಗೆ ಎಂದು ತಿಳಿಯಿತು. ಪಕ್ಕದಲ್ಲಿ ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದರು, ರಜೆಯಲ್ಲಿ ನೀರು ಕಾಯಿಸಿ ಕಾಯಿಸಿ ಕೆಂಪಾದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು.

“ಮೂಳೆ ನುಂಗಿಲ್ಲ,” ಅಂದರು ಮೇಸ್ತ್ರಿ. “ಮುಳ್ಳು ನುಂಗಿಲ್ಲ. ಕಡ್ಡಿ ನುಂಗಿಲ್ಲ.”

ಮೂರೂ ಸತ್ಯ. ಇಂಥ ಸತ್ಯಗಳನ್ನು ಹೇಳಿಯೇ ಊರಿನ ಅರ್ಧ ಜನ ಮರ್ಯಾದೆಯಿಂದ ಬದುಕುತ್ತಿದ್ದಾರೆ. ಮೂಲೆಮನೆ ಡಾಕ್ಟರ ಮೇಲೆ ಆಗಲೇ ಕೂಗಾಡಿದೆನಲ್ಲ, ಇಲ್ಲಿ ಮೇಸ್ತ್ರಿಯನ್ನೂ ಬಿಡಲಾರೆ. ನೋಡಲು ಒಬ್ಬರು ಸಿಕ್ಕಾಗ ಹೇಳಲು ಇವರಿಲ್ಲ.

ಸರ್ಜನ್ ಅಮ್ಮ ನಿಟ್ಟುಸಿರಿಟ್ಟರು. “ಕಾರಣ ಗೊತ್ತಿಲ್ದೆ, ಗೂಡು ಎಲ್ಲಿದೆ ಅಂತ ಗೊತ್ತಿಲ್ದೆ ನಾನು ಕತ್ತಿ ಹಾಕಲ್ಲ. ಕುರುಡಾಗಿ ಕುಯ್ದು ಆ ಸ್ನಾಯು ಕತ್ತರಿಸಿಹೋದ್ರೆ ಜೀವನಪೂರ್ತಿ ಗಾಳಿಗೂ ಹಿಡಿತ ಇರಲ್ಲ, ಮಲಕ್ಕೂ ಇರಲ್ಲ. ಬಿಟ್ರೆ ಕೀವು ರಕ್ತಕ್ಕೆ ಸೇರುತ್ತೆ. ನಾಳೆ ಬೆಳಿಗ್ಗೆ ಎಮ್‌ಆರ್‌ಐ ಸ್ಕ್ಯಾನ್ ಮಾಡಿಸಿ.”

ಸ್ಕ್ಯಾನಿನ ವಿಭಾಗ ನೆಲಮಾಳಿಗೆಯಲ್ಲಿ. ತಂಪು ಗಾಳಿ, ಉದ್ದದ ಬೆಂಚು, ಅದರ ಹರಿದ ಮೂಲೆಯಿಂದ ಇಣುಕುವ ಫೋಮು. ಮೇಸ್ತ್ರಿ ನೋವಿನಲ್ಲೂ ಆ ಮೂಲೆಯನ್ನು ಬೆರಳಿನಿಂದ ಒಳಗೆ ತಳ್ಳಿದರು. ಸ್ಕ್ಯಾನಿನವನು ಒಂದು ಫಾರಂ ಕೊಟ್ಟ. ಫಾರಂ ಕಂಡರೆ ಹೆಂಡತಿಯ ಕೈ ಸುಮ್ಮನಿರುವುದುಂಟೇ? ಪೆನ್ನು ಆಗಲೇ ಹೊರಗೆ ಬಂದಿತ್ತು.

“ಹೃದಯಕ್ಕೆ ಯಂತ್ರ ಹಾಕಿಸಿದೆಯೇ? ಇಲ್ಲ. ಮೂಳೆಗೆ ಕಬ್ಬಿಣದ ಪಟ್ಟಿ? ಇಲ್ಲ. ಕಿವಿಯೊಳಗೆ ಯಂತ್ರ? ಇಲ್ಲ, ಇದ್ದಿದ್ರೆ ನನ್ನ ಮಾತು ಕೇಳಿಸ್ತಿತ್ತು. ಗುಂಡೇಟು ಬಿದ್ದು ಚೂರು ಉಳಿದಿದೆಯೇ? ರೀ, ಯುದ್ಧಕ್ಕೇನಾದ್ರೂ ಹೋಗಿದ್ರಾ ನನಗೆ ಹೇಳದೆ?”

“ಹೋಗಿಲ್ಲ.”

“ದೇಹದೊಳಗೆ ಬೇರೆ ಯಾವುದಾದರೂ ಲೋಹದ ವಸ್ತು? ಇಲ್ಲ.” ಟಿಕ್. ಸಹಿ. ದಿನಾಂಕ.

ಮೇಸ್ತ್ರಿಗೆ ಹಿಂದೆ ಕಟ್ಟುವ ಹಸಿರು ನಿಲುವಂಗಿ ಹಾಕಿಸಿದರು. ಹೆಂಡತಿ ಬೆಂಚಿನಲ್ಲೇ ಉಳಿದರು. ದಪ್ಪ ಬಾಗಿಲಿನ ಹತ್ತಿರ ಸ್ಕ್ಯಾನಿನವನು ಮತ್ತೊಮ್ಮೆ ಕೇಳಿದ.

“ಉಂಗುರ, ವಾಚು, ಬೀಗದಕೈ ಏನೂ ಇಲ್ಲ ತಾನೇ?”

“ಇಲ್ಲ. ಅಲ್ಲಪ್ಪ, ಯಾಕೆ ಅಷ್ಟೊಂದು ಕೇಳ್ತೀರಿ?”

“ಒಳಗಿರೋದು ಅಯಸ್ಕಾಂತ ಸ್ವಾಮಿ. ನಮ್ಮ ಕೆಲಸದವಳು ಒಂದ್ಸಲ ಗೊತ್ತಿಲ್ದೆ ಕಬ್ಬಿಣದ ಬಕೆಟ್ಟು ತಗೊಂಡು ಹೋದ್ಲು. ಬಕೆಟ್ಟು ಕೈಯಿಂದ ಕಿತ್ಕೊಂಡು ಹಾರಿ ಹೋಗಿ ಮೆಷಿನ್‌ಗೆ ಬಡೀತು. ನಾಲ್ಕು ಜನ ಎಳೆದ್ರೂ ಬರಲಿಲ್ಲ.”

ಮೇಸ್ತ್ರಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡರು.

ಅಯಸ್ಕಾಂತ ಕಂಡರೆ ಮೊಳೆ ಏನು ಮಾಡುತ್ತದೆ ಎಂದು ಈ ಊರಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೆಬ್ಬೆರಳಿನಷ್ಟು ಅಯಸ್ಕಾಂತಕ್ಕೇ ತುಟಿಯ ನಡುವಿನ ಮೊಳೆ ಗರಕ್ಕನೆ ತಿರುಗಿ ಹಾರುತ್ತದೆ. ಇಲ್ಲಿರುವುದು ಕೋಣೆಯಷ್ಟು ದೊಡ್ಡದು. ಮೊಳೆ ಯಾವ ಕಡೆಯಿಂದ ಹೊರಡುತ್ತದೆ, ಏನೇನು ಸೀಳಿಕೊಂಡು ಹೊರಡುತ್ತದೆ?

“ನಾನು ಮೂತ್ರಕ್ಕೆ ಹೋಗ್ಬೇಕು,” ಅಂದರು.

ಹೋಗಿ ಬಂದರು. ಮತ್ತೆ ಹೋಗಬೇಕು ಅಂದರು. ಮತ್ತೆ ಹೋಗಿ ಬಂದರು. ಮೂರನೆಯ ಸಲ ಸ್ಕ್ಯಾನಿನವನು ಸೊಂಟಕ್ಕೆ ಕೈ ಇಟ್ಟ. “ಏನ್ ಸ್ವಾಮಿ, ಭಯನಾ? ನೋವಾಗಲ್ಲ. ಬರೀ ಸದ್ದು.”

ಮೇಸ್ತ್ರಿ ಬೆಂಚಿನ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. “ಒಂದು ಮಾತು. ಅವಳಿಗೆ ಗೊತ್ತಾಗಬಾರದು. ಒಳಗೆ ಒಂದು ಮೊಳೆ ಇರಬಹುದು.”

“ಯಾರ ಒಳಗೆ?”

“ನನ್ನ ಒಳಗೆ.”

ಸ್ಕ್ಯಾನಿನವನ ಮುಖ ಹುಳ್ಳಗಾಯಿತು. ಮೊದಲು ಬಾಗಿಲು ಹಾಕಿದ. ಆಮೇಲೆ ಮೇಸ್ತ್ರಿಯನ್ನು ಬಾಗಿಲಿನಿಂದ ಆರು ಮೊಳ ದೂರ ನಿಲ್ಲಿಸಿದ. ಆಮೇಲೆ ಫಾರಂ ತಂದ. “ಇಲ್ಲಿ ‘ಇಲ್ಲ’ ಅಂತ ಬರೆದಿದೆಯಲ್ರೀ!”

“ನೀವೇ ‘ಇದೆ’ ಅಂತ ಮಾಡ್ಕೊಳ್ಳಿ.”

“ಆಗಲ್ಲ. ಬರೆದವರೇ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಹಾಕ್ಬೇಕು. ರೂಲ್ಸು. ಯಾರು ಬರೆದಿದ್ದು?”

ಹೀಗೆ ಮೇಸ್ತ್ರಿ, ಹಿಂದೆ ಬಾಯಿಬಿಟ್ಟ ಹಸಿರು ನಿಲುವಂಗಿಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಫಾರಂ ಹಿಡಿದು, ಉದ್ದದ ಹಾದಿಯಲ್ಲಿ ಹೆಂಡತಿಯ ಕಡೆಗೆ ನಡೆದರು. ಬೆಂಚಿನಲ್ಲಿ ಇನ್ನೂ ನಾಲ್ವರಿದ್ದರು. ಯಾರಿಗೂ ಬೇರೆ ಕೆಲಸವಿರಲಿಲ್ಲ.

“ಇಷ್ಟು ಬೇಗ ಆಯ್ತಾ?” ಅಂದರು ಹೆಂಡತಿ.

“ಇಲ್ಲ. ಇಲ್ಲೊಂದು ತಿದ್ದಬೇಕಂತೆ. ಈ ಕೊನೇದು.”

ಆಕೆ ಕನ್ನಡಕ ಸರಿಮಾಡಿಕೊಂಡು ಓದಿದರು. “ದೇಹದೊಳಗೆ ಲೋಹ. ಇಲ್ಲ ಅಂತ ಸರಿಯಾಗೇ ಬರ್ದಿದ್ದೀನಲ್ಲ.”

“ಇದೆ ಅಂತ ಬರಿ.”

ಆಕೆ ತಲೆ ಎತ್ತಿದರು. ಗಂಡನ ಮುಖ, ಮುಂದಿನ ಹಲ್ಲು, ಮತ್ತೆ ಮುಖ.

“ಯಾವಾಗ?”

“ನೀನು ತರಕಾರಿಗೆ ಫೋನ್ ಮಾಡಿದೆಯಲ್ಲ, ಆವತ್ತು.”

“ನಾನು ಏನು ಕೇಳಿದ್ದೆ?”

“ಬಾಯಲ್ಲಿ ಮೊಳೆ ಇದೆಯಾ ಅಂತ.”

“ನೀವೇನಂದ್ರಿ?”

“ಇಲ್ಲ ಅಂದೆ. ಅನ್ನುವಾಗಲೇ ಇಳೀತು.”

ಬೆಂಚಿನಲ್ಲಿದ್ದ ಒಬ್ಬರು ಕೆಮ್ಮಿದರು. ಅದು ಕೆಮ್ಮಾಗಿರಲಿಲ್ಲ.

“ನನಗೆ ಗೊತ್ತಿತ್ತು,” ಅಂದರು ಹೆಂಡತಿ ನಿಧಾನವಾಗಿ. “ನಿಮ್ಮ ದನಿ ಕೇಳಿದಾಗಲೇ ಗೊತ್ತಾಯ್ತು. ಗೊತ್ತಿದ್ದೇ ಕೇಳಿದೆ, ಸುಳ್ಳು ಹೇಳ್ತೀರಾ ನೋಡೋಣ ಅಂತ. ಸುಮ್ನೆ ಫೋನ್ ಇಟ್ಟಿದ್ರೆ…” ಅಲ್ಲಿಗೆ ನಿಲ್ಲಿಸಿ, ಕಣ್ಣು ಒರೆಸಿಕೊಂಡು, ದನಿ ಏರಿಸಿದರು. “ಆದ್ರೆ ನಿನ್ನೆ ಡಾಕ್ಟ್ರು ಅಷ್ಟು ಕೇಳಿದ್ರಲ್ಲ! ಎರಡು ತಿಂಗಳು ಮುಲಾಮು ಹಚ್ಚಿಸ್ಕೊಂಡ್ರಲ್ಲ! ಮೊಳೆಗೆ ಮುಲಾಮು! ನಿಮ್ಮಪ್ಪನ್ನ ಬೇರೆ ಸುಮ್ಸುಮ್ನೆ ಎಳೆದು ತಂದೆ ಮಧ್ಯಕ್ಕೆ!”

“ಬೈಬೇಡ ಕಣೇ, ಇಲ್ಲೆಲ್ಲ ಜನ ಇದ್ದಾರೆ.”

“ಇರ್ಲಿ. ಅವರೂ ತಿಳ್ಕೊಳ್ಳಲಿ.”

ಆಮೇಲೆ ಪೆನ್ನು ತೆಗೆದರು. ‘ಇಲ್ಲ’ವನ್ನು ಒಂದೇ ಗೆರೆಯಲ್ಲಿ ಹೊಡೆದು, ‘ಇದೆ’ಗೆ ಗುರುತು ಹಾಕಿ, ವಿವರ ಅನ್ನುವ ಕಡೆ ಕೌಂಟರಿನ ದುಂಡು ಅಕ್ಷರದಲ್ಲಿ ಬರೆದರು: ಅರ್ಧ ಇಂಚಿನ ಕಬ್ಬಿಣದ ಮೊಳೆ. ಬರೆಯುವುದನ್ನು ನಿಲ್ಲಿಸಿ ಕೇಳಿದರು: “ಒಂದೇನಾ?”

“ಒಂದೇ.”

“ಖಂಡಿತ?”

“ಒಂದೇ ಅಂದ್ಕೊಂಡಿದ್ದೀನಿ.”

ಸ್ಕ್ಯಾನ್ ರದ್ದಾಯಿತು. ಸುದ್ದಿ ಕೇಳಿದ ಸರ್ಜನ್ ಅಮ್ಮ ನಿಂತಲ್ಲೇ ಎಕ್ಸ್-ರೇ ಬರೆದರಂತೆ. ಎಕ್ಸ್-ರೇಯವನು ಚಿತ್ರ ನೋಡಿ ಒಳಗಿನಿಂದಲೇ ಕೂಗಿದ: “ಯಜಮಾನ್ರೇ, ಜೇಬಿನಲ್ಲಿರೋ ಮೊಳೆ ತೆಗೀರಿ, ಚಿತ್ರ ಹಾಳಾಗ್ತಿದೆ.” ನಿಲುವಂಗಿಗೆ ಜೇಬಿರಲಿಲ್ಲ. ಬಾಲಮೂಳೆಯ ಮುಂದೆ, ತಲೆ ಕೆಳಗಾಗಿ, ಒಂದು ಮೊಳೆ ಅಂಗಡಿಯ ಡಬ್ಬಿಯಲ್ಲಿದ್ದಷ್ಟೇ ನೆಮ್ಮದಿಯಾಗಿ ಮಲಗಿತ್ತು. ಇಷ್ಟು ಮೀಟರ್ ಕರುಳನ್ನು ಯಾರಿಗೂ ತೊಂದರೆ ಕೊಡದೆ ದಾಟಿ ಬಂದು, ಹೊರಬಾಗಿಲಿಗೆ ಎರಡು ಬೆರಳು ಇರುವಾಗ ಗೋಡೆಗೆ ಚುಚ್ಚಿಕೊಂಡು ಹಿಂದಕ್ಕೆ ನುಸುಳಿತ್ತು.

ಅದೇ ಮಧ್ಯಾಹ್ನ ಶಸ್ತ್ರಚಿಕಿತ್ಸೆ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದ್ದರು, ತಲೆ ಎಚ್ಚರವಾಗಿತ್ತು. ಕಾಲುಗಳೆರಡನ್ನೂ ಮೇಲೆ ಕಟ್ಟಿದ್ದರು. ಸರ್ಜನ್ ಅಮ್ಮ ಮಣೆಯ ಬದಲು ಕುರ್ಚಿಯಲ್ಲಿ ಕೂತು ಕೆಲಸ ಮಾಡಿದರು. ಸ್ನಾಯುವಿನ ಉಂಗುರವನ್ನು ಮುಟ್ಟದೆ, ಅದರ ಹಿಂದಿನಿಂದ, ಬಾಲಮೂಳೆಯ ಕಡೆಯಿಂದ ದಾರಿ ಮಾಡಿದರು. ಗೂಡು ಒಡೆದಾಗ ಬಂದ ವಾಸನೆಗೆ ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ಮುಖ ತಿರುಗಿಸಿದರು. ಎಡಗಡೆಗೂ ಬಲಗಡೆಗೂ ಒಂದೊಂದು ಚಿಕ್ಕ ಕಿಟಕಿ ತೆರೆದು, ಲಾಳದ ಎರಡೂ ತೋಳುಗಳನ್ನು ತೊಳೆದರು. ಕೊನೆಗೆ ಇಕ್ಕಳ ಒಳಗೆ ಹೋಗಿ ಬಂತು. ಸ್ಟೀಲಿನ ತಟ್ಟೆಯಲ್ಲಿ ಟಿಣ್ ಅಂತ ಸದ್ದಾಯಿತು.

“ಬಂತಾ?” ಅಂದರು ಮೇಸ್ತ್ರಿ ಪರದೆಯ ಈಚೆಯಿಂದ.

“ಬಂತು. ಕಪ್ಪಾಗಿದೆ.”

“ತುದಿ ಬಾಗಿದೆಯಾ?”

“ಇಲ್ಲ.”

“ಒಳ್ಳೆ ಮಾಲು,” ಅಂದರು ಮೇಸ್ತ್ರಿ.

ಸರ್ಜನ್ ಅಮ್ಮ ನಗಲಿಲ್ಲ. “ಮೊದಲ ದಿನವೇ ಯಾರಾದ್ರೂ ಬೆರಳು ಹಾಕಿ ನೋಡಿದ್ರೆ, ಒಂದು ಎಕ್ಸ್-ರೇ ತೆಗೆದಿದ್ರೆ, ಇಷ್ಟೆಲ್ಲ ತೆರೀಬೇಕಾಗಿರಲಿಲ್ಲ. ನೀವು ಒಂದು ಮಾತು ಹೇಳಿದ್ರೂ ಆಗ್ತಿತ್ತು.” ಮೊಳೆ ಚುಚ್ಚಿದ್ದ ತೂತಿನ ಮೂಲಕ, ಸ್ನಾಯುವನ್ನು ಸುತ್ತಿ ಬರುವಂತೆ ಒಂದು ರಬ್ಬರಿನ ಎಳೆ ಹಾಕಿ ಸಡಿಲವಾಗಿ ಗಂಟು ಕಟ್ಟಿದರು. ಉಳಿದ ಕೀವು ಅದರ ಗುಂಟ ಹರಿದು ಬರಲಿ ಎಂದು. ಆಮೇಲೆ ವಾರ್ಡಿಗೆ ಬಂದು ಗಂಡಹೆಂಡತಿ ಇಬ್ಬರಿಗೂ ಹೇಳಿದರು: “ಹಿಡಿತ ಉಳಿದಿದೆ. ಗಾಯ ಮಾತ್ರ ತಳದಿಂದ ತುಂಬ್ಕೊಂಡು ಬರಬೇಕು. ಮೇಲಿನ ಬಾಯಿ ಮೊದಲೇ ಮುಚ್ಚಿದ್ರೆ ಮತ್ತೆ ಒಳಗೆ ಕೀವು. ದಿನಾ ಬಟ್ಟೆ ತುಂಬಿಸ್ಬೇಕು. ಯಾರು ಮಾಡ್ತೀರಿ?”

“ನಾನು,” ಅಂದರು ಹೆಂಡತಿ. ಈ ಸಲ ಪ್ರಶ್ನೆ ಅವರಿಗೇ ಇತ್ತು.

ಆರು ವಾರ, ದಿನಾ ಬೆಳಿಗ್ಗೆ ಏಳಕ್ಕೆ, ಮೇಸ್ತ್ರಿ ಮಂಚದ ಮೇಲೆ ಬೋರಲು ಮಲಗಬೇಕು. ಹೆಂಡತಿ ಕೈ ತೊಳೆದು, ಗವಸು ಹಾಕಿ, ಹಳೆಯ ಬಟ್ಟೆ ತೆಗೆದು, ಉಪ್ಪುನೀರಿನಲ್ಲಿ ಗಾಯ ತೊಳೆದು, ಹೊಸ ಬಟ್ಟೆಯ ಉದ್ದನೆಯ ಪಟ್ಟಿಯನ್ನು ಬೆರಳಿನ ತುದಿಯಿಂದ ಸ್ವಲ್ಪ ಸ್ವಲ್ಪವಾಗಿ ಒಳಗೆ ಕೂರಿಸಬೇಕು. ಮೊದಲ ದಿನ ಅರ್ಧ ಗಂಟೆ ಹಿಡಿಯಿತು. ಎರಡನೆಯ ವಾರ, ಅಂಚೆ ಚೀಟಿ ಅಂಟಿಸುವಷ್ಟು ಸಲೀಸಾಯಿತು. ಮಾತಾಡುವುದಿಲ್ಲ ಎಂದು ಎರಡು ವರ್ಷದ ಹಿಂದೆ ಕೊಟ್ಟ ತೀರ್ಪನ್ನು ಆಕೆ ಜಾರಿಗೆ ತರಲಿಲ್ಲ. ತಂದಿದ್ದರೆ ಒಳ್ಳೆಯದಿತ್ತೇನೋ ಎಂದು ಮೇಸ್ತ್ರಿಗೆ ಅನ್ನಿಸಿದ ದಿನಗಳಿದ್ದವು.

ನಾಲ್ಕನೆಯ ವಾರ ಮೇಸ್ತ್ರಿ ನಿಂತು ಮಾಡುವ ಕೆಲಸಕ್ಕೆಂದು ಅಂಗಡಿಗೆ ಹೋಗತೊಡಗಿದರು. ಮರುದಿನ ಬೆಳಿಗ್ಗೆ ಗಾಯ ತೊಳೆದು ಪಟ್ಟಿ ಕೈಗೆತ್ತಿಕೊಂಡ ಹೆಂಡತಿ ಕೇಳಿದರು.

“ನಿನ್ನೆ ಎಷ್ಟು ಸಲ?”

ದಿಂಬಿನೊಳಗಿನಿಂದ ಉತ್ತರ ಬಂತು. “ನಾಲ್ಕು. ಗೊತ್ತಿಲ್ದೆ ಕೈ ಹೋಗುತ್ತೆ ಕಣೇ. ತಕ್ಷಣ ಉಗಿದೆ.”

ಆ ದಿನ ಬಟ್ಟೆ ಸ್ವಲ್ಪ ಗಟ್ಟಿಯಾಗಿ ಕೂತಿತು. ಮೇ‌ಸ್ತ್ರಿ ದಿಂಬು ಕಚ್ಚಿದರು.

ಅದರ ಮರುದಿನ ಎರಡು. ಅದರ ಮರುದಿನ ಮತ್ತೆ ಮೂರು, ಸಿನಿಮಾ ಮಂದಿರದವರು ಅವಸರ ಮಾಡಿದ್ದರಂತೆ. ವಾರದ ಕೊನೆಗೆ ಆಕೆ ಕೇಳಿದಾಗ ಮೇಸ್ತ್ರಿ ಉತ್ಸಾಹದಿಂದ ಅಂದರು: “ನಿನ್ನೆ ಒಂದೂ ಇಲ್ಲ!”

ಹೆಂಡತಿಯ ಕೈ ನಿಂತಿತು. ಪಟ್ಟಿಯ ಅರ್ಧ ಒಳಗೆ, ಅರ್ಧ ಹೊರಗೆ. ಗಡಿಯಾರದ ಸದ್ದು ಕೇಳುತ್ತಿತ್ತು. ಮೇಸ್ತ್ರಿಗೆ ಆಕೆಯ ಮುಖ ಕಾಣುತ್ತಿರಲಿಲ್ಲ.

“ಒಂದು,” ಅಂದರು ಮೇಸ್ತ್ರಿ ಕೊನೆಗೆ. “ಮಧ್ಯಾಹ್ನ. ಕುರ್ಚಿ ತೋಳಿನ ಮೂಲೆ ಎಳೆಯುವಾಗ.”

“ಹೂಂ,” ಅಂದು ಆಕೆ ಉಳಿದ ಅರ್ಧವನ್ನು, ನೋಯದ ಹಾಗೆ, ಮೆಲ್ಲಗೆ ಒಳಗೆ ಕೂರಿಸಿದರು.